ಒಬ್ಬ ಅಡುಗೆಯವನು, ಒಬ್ಬ ‘ಆರ್ಯ’ ಮತ್ತು ಅಮೆರಿಕನ್ ಯಾರೆಂಬ ಜಗಳ

2025ರ ಜನವರಿ ಕೊನೆಯ ವಾರ ಮೈಸೂರಿನಿಂದ ಚಿಕ್ಕಮ್ಮನ ಫೋನು. ನ್ಯೂಜೆರ್ಸಿಯಲ್ಲಿರುವ ಮಗಳ ಬಾಣಂತನಕ್ಕೆ ಹೊರಟಿದ್ದರು. ಅಂಟಿನುಂಡೆ, ಬಾಣಂತಿ ಲೇಹ್ಯ, ಬಜೆ, ಮಗುವಿಗೆ ಸುತ್ತಲು ಹಳೇ ಹತ್ತಿ ಸೀರೆಯ ತುಂಡುಗಳು ಎಲ್ಲವೂ ಸೂಟ್‌ಕೇಸು ಸೇರಿದ್ದವು. ಮನಸ್ಸು ಮಾತ್ರ ಬೇರೆಲ್ಲೋ ಇತ್ತು. ‘ಡಾಕ್ಟರು ಫೆಬ್ರವರಿ 26ಕ್ಕೆ ಡೇಟ್ ಕೊಟ್ಟಿದಾರೆ ಕಣೋ. 19ರೊಳಗೆ ಹುಟ್ಟಿದ್ರೆ ಮಗು ಅಲ್ಲೀದಾಗುತ್ತಂತೆ, ಆಮೇಲಾದ್ರೆ ಇಲ್ವಂತೆ. ಆಪರೇಷನ್ ಮಾಡಿಸ್ಬಿಡೋದಾ ಅಂತ ಅಳಿಯಂದಿರು ಯೋಚನೆ ಮಾಡ್ತಿದಾರೆ. ನೀನೇನಂತೀಯ?’

ಸಿಸೇರಿಯನ್‌ಗೂ ನಕ್ಷತ್ರ ನೋಡಿಸಿ ಗಳಿಗೆ ಗೊತ್ತುಮಾಡುವ ಜನ ನಾವು. ಈ ಸಲ ಗಳಿಗೆ ಇಟ್ಟವರು ಶ್ವೇತಭವನದಲ್ಲಿದ್ದರು.

ಜನವರಿ 20ರಂದು, ಎರಡನೇ ಬಾರಿ ಅಧಿಕಾರ ವಹಿಸಿಕೊಂಡ ದಿನವೇ, ಡೊನಾಲ್ಡ್ ಟ್ರಂಪ್ ಒಂದು ಕಾರ್ಯಾದೇಶಕ್ಕೆ ಸಹಿ ಹಾಕಿದ್ದರು. ತಾಯಿ ಅಮೆರಿಕದಲ್ಲಿ ಅಕ್ರಮವಾಗಿ ಇರಲಿ, ಅಥವಾ ಸಕ್ರಮವಾಗಿಯೇ ಆದರೂ ತಾತ್ಕಾಲಿಕವಾಗಿ ಇರಲಿ, ತಂದೆ ಅಲ್ಲಿನ ಪ್ರಜೆಯೂ ಅಲ್ಲ, ಖಾಯಂ ವಾಸಕ್ಕೆ ಕೊಡುವ ಗ್ರೀನ್ ಕಾರ್ಡೂ ಇಲ್ಲ ಎಂದಾದರೆ ಅಲ್ಲಿ ಹುಟ್ಟಿದ ಮಗುವಿಗೆ ಪೌರತ್ವವಿಲ್ಲ. 30 ದಿನದ ಗಡುವು. ಜಾರಿಗೆ ಬರಬೇಕಿದ್ದದ್ದು ಫೆಬ್ರವರಿ 19ಕ್ಕೆ. ‘ತಾತ್ಕಾಲಿಕ’ ಎಂಬ ಆ ಪದದೊಳಗೆ ಪ್ರವಾಸಿಗಳು, ವಿದ್ಯಾರ್ಥಿಗಳಷ್ಟೇ ಬರಲಿಲ್ಲ. ಕಂಪನಿ ಕೆಲಸಕ್ಕೆಂದು ಕೊಡುವ ಎಚ್-1ಬಿ ವೀಸಾ ನವೀಕರಿಸಿಕೊಳ್ಳುತ್ತಾ ಹದಿನೈದು ವರ್ಷದಿಂದ ಅಲ್ಲೇ ಮನೆ ಸಾಲ ಕಟ್ಟಿ, ತೆರಿಗೆ ತುಂಬಿ, ಕನ್ನಡ ಕೂಟದ ಯುಗಾದಿಗೆ ಒಬ್ಬಟ್ಟು ಬಡಿಸುವವರೂ ಬಂದರು.

ಮೂರೇ ದಿನಕ್ಕೆ, ಜನವರಿ 23ರಂದು, ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶ ಜಾನ್ ಕಾಫನೋರ್ ಆದೇಶಕ್ಕೆ ತಡೆ ಕೊಟ್ಟರು. ರೇಗನ್ ಕಾಲದಲ್ಲಿ ನೇಮಕಗೊಂಡ ಈ ಹಿರಿಯರು ಇದನ್ನು ಕಣ್ಣಿಗೆ ರಾಚುವಷ್ಟು ಸಂವಿಧಾನಬಾಹಿರ ಎಂದರು. ಆಮೇಲೆ ಕೋರ್ಟಿನಿಂದ ಕೋರ್ಟಿಗೆ ಓಡಾಟ. ಜೂನ್ 27ರಂದು ಸುಪ್ರೀಂ ಕೋರ್ಟು 6-3ರ ಬಹುಮತದಿಂದ, ಒಬ್ಬ ಜಿಲ್ಲಾ ನ್ಯಾಯಾಧೀಶರು ಇಡೀ ದೇಶಕ್ಕೆ ಅನ್ವಯಿಸುವಂಥ ತಡೆಯಾಜ್ಞೆ ಕೊಡುವಂತಿಲ್ಲ ಎಂದಿತು. ಆದೇಶ ಸರಿಯೋ ತಪ್ಪೋ ಎಂಬ ಮೂಲ ಪ್ರಶ್ನೆಯನ್ನು ಮುಟ್ಟಲಿಲ್ಲ. ಜುಲೈ 10ರಂದು ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶ ಜೋಸೆಫ್ ಲಾಪ್ಲಾಂಟ್ ಬೇರೆ ದಾರಿ ಹಿಡಿದು, ಇಂಥ ಮಕ್ಕಳನ್ನೆಲ್ಲ ಒಂದು ‘ವರ್ಗ’ವೆಂದು ಪರಿಗಣಿಸಿ ಮತ್ತೆ ತಡೆದರು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಮೂಲ ಪ್ರಶ್ನೆಯನ್ನೇ ವಿಚಾರಣೆಗೆ ತೆಗೆದುಕೊಳ್ಳಲು ಒಪ್ಪಿತು. ಚಿಕ್ಕಮ್ಮನ ಮೊಮ್ಮಗಳು ಅಷ್ಟರಲ್ಲಿ ತನ್ನ ಪಾಡಿಗೆ ತಾನು, ಯಾರ ಗಡುವಿಗೂ ಕಾಯದೆ, ಫೆಬ್ರವರಿ 28ಕ್ಕೆ ಹುಟ್ಟಿ, ಬೋರಲು ಬಿದ್ದು, ಅಂಬೆಗಾಲಿಡುತ್ತಿದ್ದಳು.

ನಮ್ಮ ಟೀವಿ ಚರ್ಚೆಗಳಲ್ಲಿ ಇದು ವೀಸಾ ಸುದ್ದಿ. ಟ್ರಂಪ್ ನಮ್ಮವರಿಗೆ ಇನ್ನೇನು ತೊಂದರೆ ಕೊಟ್ಟರು ಎಂಬ ಪಟ್ಟಿಗೆ ಇನ್ನೊಂದು ಸೇರ್ಪಡೆ. ನನಗೆ ಹಾಗನ್ನಿಸುವುದಿಲ್ಲ. ಇದು ಆ ದೇಶ ತನ್ನ ಜೊತೆ ತಾನೇ ಆಡುತ್ತಾ ಬಂದಿರುವ ಬಹಳ ಹಳೆಯ ಜಗಳ. ಅಮೆರಿಕನ್ ಆಗುವುದು ಒಂದು ಮಾತಿಗೆ ಒಪ್ಪಿಕೊಳ್ಳುವುದರಿಂದಲೋ, ಒಂದು ವಂಶಕ್ಕೆ ಸೇರಿರುವುದರಿಂದಲೋ? ಈ ಜಗಳದಲ್ಲಿ ನಮ್ಮವನೊಬ್ಬ ನೂರು ವರ್ಷದ ಹಿಂದೆ ವಾದ ಮಂಡಿಸಿ ಸೋತಿದ್ದಾನೆ. ಅವನು ಸೋತ ಬಗೆಯನ್ನು ಎಚ್-1ಬಿ ಮನೆಗಳಲ್ಲಿ ಕೂತು ಒಮ್ಮೆ ಓದಿಕೊಳ್ಳಬೇಕು.

ಮೊದಲು ಆ ಒಂದು ವಾಕ್ಯ. ಅಮೆರಿಕದ ಸಂವಿಧಾನಕ್ಕೆ 1868ರ ಜುಲೈ 9ರಂದು ಸೇರಿದ 14ನೇ ತಿದ್ದುಪಡಿ ಶುರುವಾಗುವುದೇ ಹೀಗೆ: ಅಮೆರಿಕದಲ್ಲಿ ಹುಟ್ಟಿದ ಅಥವಾ ಅಲ್ಲಿ ಪೌರತ್ವ ಪಡೆದ, ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟ ಎಲ್ಲ ವ್ಯಕ್ತಿಗಳೂ ಅಮೆರಿಕದ ಮತ್ತು ತಾವು ವಾಸಿಸುವ ರಾಜ್ಯದ ಪ್ರಜೆಗಳು. ‘ಎಲ್ಲ ವ್ಯಕ್ತಿಗಳೂ’ ಎಂದು ಅಷ್ಟು ಒತ್ತಿ ಹೇಳಬೇಕಾಗಿ ಬಂದದ್ದಕ್ಕೆ ಕಾರಣ ಒಂದು ಕೆಟ್ಟ ತೀರ್ಪು. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಬಿಡುಗಡೆ ಕೇಳಿ ಬಂದಾಗ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ರಾಜರ್ ಟೇನಿ, ಕರಿಯರು ಗುಲಾಮರಾಗಿರಲಿ ಸ್ವತಂತ್ರರಾಗಿರಲಿ, ಎಷ್ಟು ತಲೆಮಾರಿನಿಂದ ಅಲ್ಲೇ ಹುಟ್ಟಿ ಬೆಳೆದಿರಲಿ, ಅಮೆರಿಕದ ಪ್ರಜೆಗಳಾಗಲು ಸಾಧ್ಯವೇ ಇಲ್ಲ ಎಂದು ಬರೆದರು. ನಾಲ್ಕೇ ವರ್ಷದಲ್ಲಿ ಅಂತರ್ಯುದ್ಧ ಶುರುವಾಯಿತು. ಯುದ್ಧ ಮುಗಿದ ಮೇಲೆ ಆ ತೀರ್ಪನ್ನು ಇನ್ಯಾವ ಕೋರ್ಟೂ ಮತ್ತೆ ಎಬ್ಬಿಸದ ಹಾಗೆ ಹೂಳಲು ಈ ವಾಕ್ಯ ಬರೆದರು.

ವಾಕ್ಯದ ನಡುವೆ ಸಿಕ್ಕಿಕೊಂಡಿರುವ ‘ಅಧಿಕಾರ ವ್ಯಾಪ್ತಿಗೆ ಒಳಪಟ್ಟ’ ಎಂಬ ತುಂಡೇ ಇವತ್ತಿನ ತಕರಾರು. ರಾಯಭಾರಿಗಳ ಮಕ್ಕಳು, ದಂಡೆತ್ತಿ ಬಂದು ನೆಲ ಹಿಡಿದ ಶತ್ರು ಸೈನಿಕರ ಮಕ್ಕಳು, ಆಗ ತಮ್ಮದೇ ಬುಡಕಟ್ಟಿನ ಆಡಳಿತದಲ್ಲಿದ್ದ ಮೂಲನಿವಾಸಿಗಳು, ಇವರನ್ನು ಹೊರಗಿಡಲು ಈ ಮಾತು ಸೇರಿಸಿದ್ದು ಎಂಬುದು ಒಂದೂಕಾಲು ಶತಮಾನದಿಂದ ನಡೆದುಕೊಂಡು ಬಂದ ಅರ್ಥ. ಮೂಲನಿವಾಸಿಗಳಿಗೆ, ಅಂದರೆ ಆ ನೆಲ ಮೊದಲಿಂದಲೂ ಯಾರದ್ದೋ ಅವರಿಗೆ, ಪೌರತ್ವ ಪೂರ್ತಿಯಾಗಿ ಸಿಕ್ಕಿದ್ದು 1924ರಲ್ಲಿ. ಟ್ರಂಪ್ ಪರ ವಕೀಲರ ವಾದ ಬೇರೆ: ವ್ಯಾಪ್ತಿ ಅಂದರೆ ನಿಷ್ಠೆ, ತಂದೆತಾಯಿಯ ಬೇರು ಬೇರೆ ದೇಶದಲ್ಲಿದ್ದರೆ ಮಗುವಿನ ನಿಷ್ಠೆಯೂ ಅಲ್ಲಿಯದೇ. ಇದಕ್ಕೆ ನ್ಯೂಜೆರ್ಸಿಯ ರಸ್ತೆಯಲ್ಲೇ ಉತ್ತರ ಇದೆ. ಎಚ್-1ಬಿ ಇರುವವನು ಕೆಂಪು ದೀಪ ದಾಟಿದರೆ ಪೊಲೀಸ್ ಚೀಟಿ ಹರಿಯುತ್ತಾನೆ, ತೆರಿಗೆ ಕಟ್ಟದಿದ್ದರೆ ನೋಟಿಸು ಬರುತ್ತದೆ, ಕೊಲೆ ಮಾಡಿದರೆ ಜೈಲು. ವ್ಯಾಪ್ತಿ ಅನ್ನುವುದು ಇನ್ನೇನು?

1866ರಲ್ಲಿ ಸೆನೆಟ್ಟಿನಲ್ಲಿ ಈ ವಾಕ್ಯದ ಮೇಲೆ ಚರ್ಚೆ ನಡೆದಾಗಲೇ ಪೆನ್ಸಿಲ್ವೇನಿಯಾದ ಎಡ್ಗರ್ ಕೋವನ್ ಎದ್ದುನಿಂತು, ಹಾಗಾದರೆ ಚೀನೀಯರ ಮಕ್ಕಳೂ ಜಿಪ್ಸಿಗಳ ಮಕ್ಕಳೂ ಪ್ರಜೆಗಳಾಗುತ್ತಾರಾ ಎಂದು ಕೇಳಿದರು. ಕ್ಯಾಲಿಫೋರ್ನಿಯಾದ ಜಾನ್ ಕಾನೆಸ್ ಹೌದು, ಆಗಲಿ ಎಂದರು. ಕಾನೆಸ್ ಸ್ವತಃ ಐರ್ಲೆಂಡಿನಲ್ಲಿ ಹುಟ್ಟಿ ವಲಸೆ ಬಂದವರು. ಬರೆದವರಿಗೆ ವಲಸಿಗರ ಮಕ್ಕಳ ವಿಷಯ ಹೊಳೆದೇ ಇರಲಿಲ್ಲ ಎಂದು ಈಗ ಯಾರಾದರೂ ಹೇಳಿದರೆ ನಂಬುವುದು ಕಷ್ಟ. ಹೊಳೆದಿತ್ತು, ಜಗಳವೂ ಆಗಿತ್ತು, ಆಮೇಲೆಯೇ ಮತ ಹಾಕಿದ್ದು.

ಕಾಗದದ ಮೇಲೆ ಬಂದದ್ದು ಮನುಷ್ಯನ ಕೈಗೆ ಸಿಗಲು ಒಬ್ಬ ಅಡುಗೆಯವನು ಬೇಕಾಯಿತು.

ಅವನ ಹೆಸರು ವಾಂಗ್ ಕಿಮ್ ಆರ್ಕ್. 1873ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನ ಸ್ಯಾಕ್ರಮೆಂಟೊ ಬೀದಿಯಲ್ಲಿ ಹುಟ್ಟಿದವನು. ಅಪ್ಪ ಅಮ್ಮ ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದು ಕೊನೆಗೆ ಚೀನಾಕ್ಕೆ ಮರಳಿದರು. ಇವನು ಅಲ್ಲೇ ಉಳಿದು ಅಡುಗೆ ಕೆಲಸ ಹಿಡಿದ. 1882ರಲ್ಲಿ ಚೀನೀ ಕೂಲಿಗಳು ದೇಶದೊಳಗೆ ಬರುವಂತಿಲ್ಲ, ಚೀನೀಯರು ಪೌರತ್ವ ಪಡೆಯುವಂತಿಲ್ಲ ಎಂದು ಕಾನೂನು ಬಂದಿತ್ತು. ಹೀಗಾಗಿ 1894ರಲ್ಲಿ ಚೀನಾಕ್ಕೆ ಹೊರಡುವ ಮುಂಚೆ ವಾಂಗ್ ಜಾಗರೂಕನಾಗಿ ಒಂದು ಕಾಗದ ಮಾಡಿಸಿದ. ಇವನು ಇಲ್ಲೇ ಹುಟ್ಟಿದವನು, ನಮಗೆ ಗೊತ್ತು ಎಂದು ಬಿಳಿಯ ಸಾಕ್ಷಿಗಳು ಸಹಿ ಮಾಡಿದ ಕಾಗದ. ಜೊತೆಗೆ ಅವನ ಫೋಟೋ. ಚೀನೀಯರ ಮಾತನ್ನು ಅಧಿಕಾರಿಗಳು ನಂಬುತ್ತಿರಲಿಲ್ಲ, ಬಿಳಿಯರದ್ದೇ ಸಹಿ ಬೇಕಿತ್ತು.

1895ರ ಆಗಸ್ಟಿನಲ್ಲಿ ‘ಕಾಪ್ಟಿಕ್’ ಎಂಬ ಹಡಗಿನಲ್ಲಿ ವಾಪಸು ಬಂದಾಗ ಬಂದರಿನ ಕಸ್ಟಮ್ಸ್ ಅಧಿಕಾರಿ ಜಾನ್ ವೈಸ್ ಇಳಿಯಲು ಬಿಡಲಿಲ್ಲ. ಕಾಗದ ಸುಳ್ಳು ಎಂದು ಅವನು ಹೇಳಲಿಲ್ಲ. ಹುಟ್ಟಿದ್ದು ಇಲ್ಲೇ ಇರಬಹುದು, ಆದರೆ ನೀನು ಚೀನೀಯ, ಹಾಗಾಗಿ ಪ್ರಜೆಯಲ್ಲ ಎಂದ. ವಾಂಗ್ ಸುಮಾರು ಐದು ತಿಂಗಳು ಊರಿನ ದಡ ಕಣ್ಣಿಗೆ ಕಾಣುವ ದೂರದಲ್ಲಿ, ಒಂದು ಹಡಗು ಹೊರಟಾಗ ಇನ್ನೊಂದಕ್ಕೆ ಸಾಗಿಸಲ್ಪಡುತ್ತಾ, ನೀರಿನ ಮೇಲೆ ಕಳೆದ. ಚೈನಾಟೌನಿನ ಸಂಘಗಳ ಒಕ್ಕೂಟ ಹಣ ಕೂಡಿಸಿ ವಕೀಲರನ್ನು ಇಟ್ಟಿತು. ಸರ್ಕಾರಕ್ಕೂ ಇಂಥದ್ದೊಂದು ಕೇಸು ಬೇಕಿತ್ತು. ಗೆದ್ದರೆ ಹುಟ್ಟಿನ ಪೌರತ್ವವನ್ನು ಮೊಟಕುಮಾಡಬಹುದು ಎಂಬ ಲೆಕ್ಕ.

1898ರ ಮಾರ್ಚ್ 28ರಂದು ಸುಪ್ರೀಂ ಕೋರ್ಟು 6-2ರಿಂದ ವಾಂಗ್ ಪರ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಹೊರೇಸ್ ಗ್ರೇ ಬರೆದರು: ಈ ನೆಲದಲ್ಲಿ ಹುಟ್ಟಿದ್ದಾನೆ, ಇಲ್ಲಿನ ಕಾನೂನಿಗೆ ಒಳಪಟ್ಟಿದ್ದಾನೆ, ಪ್ರಜೆ. ಅವನ ತಂದೆತಾಯಿ ಚೀನಾ ಚಕ್ರವರ್ತಿಯ ಪ್ರಜೆಗಳಾಗಿದ್ದರೆ ಇರಲಿ. ಇದೇ ತೀರ್ಪಿನಲ್ಲಿ, ವಾಂಗ್‌ನ ಅಪ್ಪ ಅಮ್ಮನಿಗೆ ಅಮೆರಿಕದಲ್ಲಿ ‘ಖಾಯಂ ವಾಸ’ ಇತ್ತು ಎಂಬ ಮಾತೂ ಬರುತ್ತದೆ. ಇವತ್ತಿನ ಸರ್ಕಾರ ನೇತಾಡುತ್ತಿರುವ ಎಳೆ ಇದು: ನೋಡಿ, ತೀರ್ಪು ಖಾಯಂ ವಾಸಿಗಳ ಮಕ್ಕಳ ಬಗ್ಗೆ, ವೀಸಾ ಮೇಲೆ ಬಂದವರ ಬಗ್ಗೆ ಅಲ್ಲ. ಜಾಣತನದ ವಾದ, ಒಪ್ಪೋಣ. ಆದರೆ 14ನೇ ತಿದ್ದುಪಡಿಯಲ್ಲಿ ತಂದೆಯೂ ಇಲ್ಲ, ತಾಯಿಯೂ ಇಲ್ಲ, ಅವರ ಮನೆಯ ವಿಳಾಸವೂ ಇಲ್ಲ. ಅಲ್ಲಿರುವುದು ಹುಟ್ಟಿದವರು ಮಾತ್ರ.

ಇನ್ನು ನಮ್ಮವನು.

ಭಗತ್ ಸಿಂಗ್ ಥಿಂಡ್ ಪಂಜಾಬಿನವನು. ಓದಲೆಂದು 1913ರಲ್ಲಿ ಅಮೆರಿಕಕ್ಕೆ ಹೋಗಿ, ಒರೆಗಾನ್‌ನ ಮರದ ಮಿಲ್ಲುಗಳಲ್ಲಿ ದುಡಿದ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸೇರಿದ. ಸಮವಸ್ತ್ರದ ಮೇಲೆ ಮುಂಡಾಸು ಸುತ್ತಿ ನಿಂತಿರುವ ಅವನ ಚಿತ್ರ ಇಂದಿಗೂ ಸಿಗುತ್ತದೆ. 1918ರ ಡಿಸೆಂಬರಿನಲ್ಲಿ ಪೌರತ್ವ ಸಿಕ್ಕಿತು, ನಾಲ್ಕೇ ದಿನಕ್ಕೆ ಕಿತ್ತುಕೊಂಡರು. 1920ರಲ್ಲಿ ಒರೆಗಾನ್‌ನಲ್ಲಿ ಎರಡನೇ ಬಾರಿ ಸಿಕ್ಕಿತು, ಸರ್ಕಾರ ಮೇಲ್ಮನವಿ ಹಾಕಿತು.

ಯಾಕೆಂದರೆ ಹುಟ್ಟಿನಿಂದ ಬರುವ ಪೌರತ್ವ ಒಂದು ಬಾಗಿಲಾದರೆ ಹೊರಗಿನಿಂದ ಬಂದವರಿಗೆ ಇನ್ನೊಂದು ಬಾಗಿಲಿತ್ತು, ಅದರ ಮೇಲೆ 1790ರಿಂದಲೂ ಬೇರೆಯದೇ ಫಲಕ ತೂಗುತ್ತಿತ್ತು: ‘ಸ್ವತಂತ್ರ ಬಿಳಿಯ ವ್ಯಕ್ತಿ’ಗಳಿಗೆ ಮಾತ್ರ. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಏಷ್ಯಾದವರು ಹೊರಗೇ. ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲರೂ ಸಮಾನರೆಂದು ಸಾರಿ ಹದಿನಾಲ್ಕು ವರ್ಷ ಆಗಿತ್ತಷ್ಟೇ, ಆ ಫಲಕ ಬಂದಾಗ. ಅಮೆರಿಕದ ಎರಡು ನಾಲಿಗೆ ಅಂದರೆ ಇದೇ. ಎರಡೂ ಅದರದ್ದೇ, ಒಂದು ನಿಜ ಇನ್ನೊಂದು ಸೋಗು ಎಂದು ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ಥಿಂಡ್ ಏನು ವಾದಿಸಿದ? ಈ ಫಲಕ ಅನ್ಯಾಯ, ಕಿತ್ತುಹಾಕಿ ಎಂದಲ್ಲ. ತಾನೂ ಬಿಳಿಯನೇ ಎಂದ. ಉತ್ತರ ಭಾರತದ ಮೇಲ್ಜಾತಿಯವನು, ಆರ್ಯ ರಕ್ತದವನು, ಆ ಕಾಲದ ಜನಾಂಗ ಶಾಸ್ತ್ರಜ್ಞರೇ ಹೇಳುವ ಹಾಗೆ ‘ಕಾಕೇಸಿಯನ್’ ಎಂದ. ಅವನ ಪರ ಸಲ್ಲಿಸಿದ ವಾದಪತ್ರದಲ್ಲಿ ಓದಿದರೆ ನಾಚಿಕೆಯಾಗುವ ಮಾತೊಂದಿದೆ: ಮದುವೆಯ ವಿಷಯಕ್ಕೆ ಬಂದರೆ, ಅಮೆರಿಕನ್ನರು ಕರಿಯರನ್ನು ಹೇಗೆ ಕಾಣುತ್ತಾರೋ ಮೇಲ್ಜಾತಿಯ ಹಿಂದೂ ತನ್ನ ದೇಶದ ಆದಿವಾಸಿಗಳನ್ನು ಹಾಗೇ ಕಾಣುತ್ತಾನೆ. ಅಂದರೆ, ನಾವೂ ನಿಮ್ಮ ಹಾಗೇ ಮಡಿ ಕಾಯುವವರು, ಒಳಗೆ ಬಿಟ್ಟುಕೊಳ್ಳಿ. ಜಾತಿಯನ್ನು ಇಲ್ಲಿಂದ ಹೊತ್ತುಕೊಂಡು ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ಮೇಜಿನ ಮೇಲೆ ಅರ್ಹತಾ ಪತ್ರವಾಗಿ ಇಟ್ಟ ಮೊದಲ ದೊಡ್ಡ ಪ್ರಸಂಗ ಇದಿರಬೇಕು.

ಕೋರ್ಟು ಮೂರೇ ತಿಂಗಳ ಹಿಂದೆ ತಕಾವೊ ಒಜಾವಾ ಎಂಬ ಜಪಾನಿ ಮೂಲದವನಿಗೆ, ನಿನ್ನ ಚರ್ಮ ಎಷ್ಟೇ ಬೆಳ್ಳಗಿರಲಿ, ಬಿಳಿಯ ಅಂದರೆ ಕಾಕೇಸಿಯನ್ ಎಂದು ಹೇಳಿ ಕಳಿಸಿತ್ತು. ಹಾಗಾದರೆ ಕಾಕೇಸಿಯನ್ ಆದ ಥಿಂಡ್‌ಗೆ ಸಿಗಬೇಕಲ್ಲ? 1923ರ ಫೆಬ್ರವರಿ 19ರಂದು ಅದೇ ಕೋರ್ಟು, ಅದೇ ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್ ಮಾತು ಬದಲಿಸಿದರು. ಶಾಸ್ತ್ರಜ್ಞರು ಏನಾದರೂ ಹೇಳಿಕೊಳ್ಳಲಿ, ಬಿಳಿಯ ಅಂದರೆ ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಅನ್ನುತ್ತಾನೋ ಅವನು. ಥಿಂಡ್ ಹಾಗೆ ಕಾಣುವುದಿಲ್ಲ. ತಮಾಷೆ ಅಂದರೆ ಸದರ್‌ಲ್ಯಾಂಡ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅವರನ್ನು ಯಾರೂ ಕೇಳಿರಲಿಲ್ಲ.

ತಾರೀಖು ಇನ್ನೊಮ್ಮೆ ನೋಡಿ. ಥಿಂಡ್ ತೀರ್ಪು ಫೆಬ್ರವರಿ 19. ಎರಡನೇ ಮಹಾಯುದ್ಧದಲ್ಲಿ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಮರುಭೂಮಿಯ ಶಿಬಿರಗಳಿಗೆ ಸಾಗಿಸಲು ದಾರಿಮಾಡಿದ ರೂಸ್‌ವೆಲ್ಟ್ ಆದೇಶಕ್ಕೆ ಸಹಿ ಬಿದ್ದದ್ದು 1942ರ ಫೆಬ್ರವರಿ 19. ಹಾಗೆ ಹೋದವರಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದ ಪ್ರಜೆಗಳು. ಚಿಕ್ಕಮ್ಮನ ಮೊಮ್ಮಗಳು ದಾಟಬಾರದಿದ್ದ ಗೆರೆಯೂ ಫೆಬ್ರವರಿ 19. ಯಾರೂ ಪಂಚಾಂಗ ನೋಡಿ ಮಾಡಿದ್ದಲ್ಲ, ಕಾಕತಾಳೀಯವೇ. ಆದರೂ ಕ್ಯಾಲೆಂಡರಿನ ಆ ಚೌಕ ಕಂಡರೆ ನನಗೀಗ ಒಂಥರಾ ಆಗುತ್ತದೆ.

ಥಿಂಡ್ ಸೋತಿದ್ದರಿಂದ ಅವನೊಬ್ಬನಿಗೇ ಪೆಟ್ಟು ಬೀಳಲಿಲ್ಲ. ಆಗಲೇ ಪೌರತ್ವ ಪಡೆದಿದ್ದ ಹತ್ತಾರು ಭಾರತೀಯರಿಂದ ಸರ್ಕಾರ ಅದನ್ನು ಒಂದೊಂದಾಗಿ ಹಿಂತೆಗೆದುಕೊಂಡಿತು. ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಹೊಂದುವಂತಿಲ್ಲ ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿತ್ತು, ಹಾಗಾಗಿ ಹೊಲವೂ ಹೋಯಿತು. ವೈಷ್ಣೋ ದಾಸ್ ಬಗಾಯ್ ಎಂಬ ವ್ಯಾಪಾರಿ 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಬ್ರಿಟಿಷ್ ಪ್ರಜೆಯಾಗಿರುವುದು ಬೇಡವೆಂದು ಅಮೆರಿಕನ್ ಆಗಿದ್ದರು. ಅದೂ ಹೋಯಿತು. ಅಂಗಡಿ ಹೋಯಿತು. ಊರಿಗೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟ್ ಇಲ್ಲ, ಬೇಕಾದರೆ ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೋ ಎಂದರು. 1928ರಲ್ಲಿ ಅವರು ಪತ್ರ ಬರೆದಿಟ್ಟು ಪ್ರಾಣ ಕಳೆದುಕೊಂಡರು. ಭಾರತೀಯರಿಗೆ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನರಂತೆ. ಥಿಂಡ್ ಅಷ್ಟರಲ್ಲಿ ಮಾಜಿ ಸೈನಿಕರಿಗೆಂದು ಬಂದ ಕಾನೂನು ಹಿಡಿದು 1936ರಲ್ಲಿ ಮೂರನೇ ಸಲ ಪೌರತ್ವ ಪಡೆದಿದ್ದ.

ಅಡುಗೆಯವನೂ ‘ಆರ್ಯ’ನೂ ನಿಂತಿದ್ದು ಬೇರೆ ಬೇರೆ ಕಾನೂನಿನ ಮುಂದೆ. ಗೆಲುವು ಸೋಲಿಗೆ ಮೊದಲ ಕಾರಣ ಅದೇ, ಮುಚ್ಚಿಡಬೇಕಿಲ್ಲ. ಆದರೂ ಇಬ್ಬರ ವಾದದ ಧಾಟಿ ನನ್ನನ್ನು ಕಾಡುತ್ತದೆ. ವಾಂಗ್ ತಾನು ಬೇರೆ ಚೀನೀಯರಿಗಿಂತ ಮೇಲು ಎಂದು ಹೇಳಿಕೊಳ್ಳಲಿಲ್ಲ; ಇಲ್ಲಿ ಹುಟ್ಟಿದೆ, ಅಷ್ಟೇ. ಹಾಗಾಗಿ ಅವನು ಗೆದ್ದದ್ದು ಎಲ್ಲರದ್ದಾಯಿತು. ಥಿಂಡ್ ಕೇಳಿದ್ದು ವಿನಾಯಿತಿ. ಗೆದ್ದಿದ್ದರೂ ಗೆಲುವು ತನ್ನಂಥವರದ್ದು ಮಾತ್ರ ಆಗುತ್ತಿತ್ತು. ನಮ್ಮ ಕಡೆಯ ಕಪ್ಪು ಮೈಯ ರೈತನೊಬ್ಬ ಅಲ್ಲಿಗೆ ಹೋಗಿದ್ದರೆ ಆ ಗೆಲುವು ಅವನಿಗೆ ಯಾವ ಪ್ರಯೋಜನಕ್ಕೂ ಬರುತ್ತಿರಲಿಲ್ಲ.

2025ರ ಆ ತಿಂಗಳು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕೇಳಿಬಂದದ್ದೂ ಥಿಂಡ್‌ನ ಧಾಟಿಯೇ. ‘ಗಡಿ ಹಾರಿ ಬಂದವರಿಗೆ ಮಾಡಲಿ ಬಿಡಿ, ನಾವು ಲೀಗಲ್ ಅಲ್ವಾ? ನಮ್ಮನ್ಯಾಕೆ ಸೇರಿಸಿದ್ರು?’ ಎಂದು ಡಲ್ಲಾಸಿನ ಭಾವ ಬರೆದರು. ನಾಲ್ಕೈದು ಹೆಬ್ಬೆರಳು ಎದ್ದವು. ಆದೇಶ ಬರೆದವರಿಗೆ ಮಾತ್ರ ಈ ಭೇದದಲ್ಲಿ ಆಸಕ್ತಿ ಇರಲಿಲ್ಲ. ಗಡಿ ಹಾರಿದವಳನ್ನೂ ಐದು ಸುತ್ತು ಸಂದರ್ಶನ ಮುಗಿಸಿ ಬಂದ ಇಂಜಿನಿಯರಳನ್ನೂ ಅವರು ಒಂದೇ ಸಾಲಿನಲ್ಲಿ ಕೂರಿಸಿದ್ದರು.

ಈ ‘ತಾತ್ಕಾಲಿಕ’ದ ಲೆಕ್ಕ ಇಲ್ಲಿ ಹೇಳಿಬಿಡಬೇಕು. ಕಂಪನಿಗಳಿಗೆ ಹೊಸದಾಗಿ ಕೊಡುವ ಎಚ್-1ಬಿ ವರ್ಷಕ್ಕೆ 85,000; ಈ ವೀಸಾ ಪಡೆಯುವವರಲ್ಲಿ ಹತ್ತಕ್ಕೆ ಏಳು ಮಂದಿ ಭಾರತೀಯರು. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡು ಮನೆಮಂದಿಯನ್ನೂ ಸೇರಿಸಿ ವರ್ಷಕ್ಕೆ ಸುಮಾರು 1,40,000, ಅದರಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚಿಲ್ಲ. ಐಸ್‌ಲ್ಯಾಂಡಿಗೂ ಶೇ 7, ಭಾರತಕ್ಕೂ ಶೇ 7. ಹಾಗಾಗಿ ಭಾರತೀಯರ ಸರದಿ ದಶಕಗಳ ಉದ್ದ ಬೆಳೆದಿದೆ, ಸಾಲಿನಲ್ಲಿರುವಾಗಲೇ ಮುದುಕರಾಗುವವರಿದ್ದಾರೆ. ಖಾಯಂ ಆಗಲು ಬಿಡದೆ, ಖಾಯಂ ಅಲ್ಲವೆಂದು ಮಗುವಿಗೆ ಪೌರತ್ವ ತಪ್ಪಿಸುವುದು, ಊಟಕ್ಕೆ ಕೂರಿಸದೆ ಎಲೆ ಖಾಲಿ ಇದೆ ಎಂದು ಬೈದ ಹಾಗೆ. 2025ರ ಸೆಪ್ಟೆಂಬರ್ 19ರ ಘೋಷಣೆಯಲ್ಲಿ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ಬೇರೆ ಬಂತು.

ಹುಟ್ಟಿನ ಪೌರತ್ವ ಕಿತ್ತರೆ ಅಕ್ರಮ ವಲಸೆ ತಗ್ಗುತ್ತದೆ ಎಂಬ ಮಾತಿಗೂ ಬುಡವಿಲ್ಲ. ಮೈಗ್ರೇಷನ್ ಪಾಲಿಸಿ ಇನ್‌ಸ್ಟಿಟ್ಯೂಟ್ ಎಂಬ ಅಧ್ಯಯನ ಸಂಸ್ಥೆಯ ಅಂದಾಜಿನ ಪ್ರಕಾರ ಈ ಆದೇಶ ವರ್ಷಕ್ಕೆ ಸುಮಾರು 2,55,000 ಮಕ್ಕಳನ್ನು ತಟ್ಟುತ್ತದೆ. ಗಡಿಯನ್ನೇ ನೋಡದ ಕೂಸುಗಳು ಹುಟ್ಟುತ್ತಲೇ ಅಕ್ರಮ ನಿವಾಸಿಗಳ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ.

ಇದೆಲ್ಲದರ ಹಿಂದೆ ಇರುವ ಆಲೋಚನೆಯನ್ನು ಯಾರೂ ಬಚ್ಚಿಟ್ಟಿಲ್ಲ. 2024ರ ಜುಲೈನಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಜೆ.ಡಿ. ವ್ಯಾನ್ಸ್, ಅಮೆರಿಕ ಕೇವಲ ಒಂದು ವಿಚಾರವಲ್ಲ, ಒಂದೇ ಇತಿಹಾಸ ಹಂಚಿಕೊಂಡ ಜನರ ಗುಂಪು ಎಂದರು. ಪೂರ್ವ ಕೆಂಟಕಿಯ ಬೆಟ್ಟದ ಮೇಲಿನ ತಮ್ಮ ಮನೆತನದ ಸ್ಮಶಾನದ ಮಾತೆತ್ತಿದರು. ಆ ಮಾತಿನಲ್ಲಿ ಸುಳ್ಳಿಲ್ಲ. ಹಿರಿಯರು ಮಲಗಿರುವ ನೆಲ ಎಂದರೆ ನಮಗೂ ಕರುಳು ಚುರುಕ್ಕೆನ್ನುತ್ತದೆ. ಅವರ ಹೆಂಡತಿ ಉಷಾ ಸ್ಯಾನ್ ಡಿಯಾಗೋದಲ್ಲಿ ತೆಲುಗು ವಲಸಿಗರ ಮಗಳಾಗಿ ಹುಟ್ಟಿದವರು. ಆ ಸ್ಮಶಾನದಲ್ಲಿ ಒಂದು ದಿನ ಅವರಿಗೂ ಜಾಗವಿರುತ್ತದೆ ಎಂದು ಅದೇ ಭಾಷಣದಲ್ಲಿ ವ್ಯಾನ್ಸ್ ಹೇಳಿಕೊಂಡರು. ಆದರೆ ಸ್ಮಶಾನವೇ ಅಳತೆಗೋಲಾದರೆ, ಹಿರಿಯರ ಬೂದಿಯನ್ನು ಶ್ರೀರಂಗಪಟ್ಟಣದ ಸಂಗಮದಲ್ಲಿ ಬಿಟ್ಟು ಬಂದವರು ಏನು ತೋರಿಸಬೇಕು?

ಇದಕ್ಕೆ ಲಿಂಕನ್ ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದರು. 1858ರ ಜುಲೈ 10ರಂದು ಷಿಕಾಗೋದಲ್ಲಿ ಮಾತಾಡುತ್ತಾ, ನಮ್ಮ ನಡುವೆ ಜರ್ಮನ್ನರು, ಐರಿಷರು, ಫ್ರೆಂಚರು ಇದ್ದಾರೆ. ದೇಶ ಕಟ್ಟಿದವರ ಜೊತೆ ರಕ್ತಸಂಬಂಧ ಹುಡುಕಿದರೆ ಅವರಿಗೆ ಸಿಗುವುದಿಲ್ಲ ಎಂದರು. ಆದರೆ ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂದು ಓದಿದಾಗ, ಅದನ್ನು ಬರೆದವರ ರಕ್ತದ ರಕ್ತ, ಮಾಂಸದ ಮಾಂಸ ತಾವೇ ಎಂದು ಹೇಳಿಕೊಳ್ಳುವ ಹಕ್ಕು ಅವರಿಗೆ ಬರುತ್ತದೆ ಎಂದರು. ರಕ್ತದ ಮಾತನ್ನೇ ಎತ್ತಿಕೊಂಡು ಅದನ್ನು ಮಾತಿನ ರಕ್ತವಾಗಿಸಿದ ಈ ಚಮತ್ಕಾರ ನನಗೆ ಬಸವಣ್ಣನವರು ಕುಲದ ಮಾತೆತ್ತಿ ಕುಲವನ್ನೇ ಕರಗಿಸುವ ವರಸೆಯನ್ನು ನೆನಪಿಗೆ ತರುತ್ತದೆ. ಲಿಂಕನ್ ಹೇಳಿದ್ದು ಡ್ರೆಡ್ ಸ್ಕಾಟ್ ತೀರ್ಪು ಬಂದ ಮರುವರ್ಷ ಎಂಬುದನ್ನು ಮರೆಯಬಾರದು.

ಇವತ್ತಿಗೂ ಅಮೆರಿಕ ವಲಸಿಗರಿಗೆ ಅಧಿಕೃತವಾಗಿ ಕಲಿಸುವುದು ಲಿಂಕನ್ ಪಾಠವನ್ನೇ. ಪೌರತ್ವ ಪರೀಕ್ಷೆಯ ಪ್ರಶ್ನೆಗಳನ್ನು ನೋಡಿ. ದೇಶದ ಪರಮೋಚ್ಚ ಕಾನೂನು ಯಾವುದು? ಸಂವಿಧಾನದ ಮೊದಲ ಮೂರು ಪದ ಯಾವುವು? ಮೊದಲು ನೂರು ಪ್ರಶ್ನೆಗಳ ಪಟ್ಟಿ ಇತ್ತು, ಹತ್ತು ಕೇಳಿ ಆರು ಸರಿ ಹೇಳಿದರೆ ಸಾಕಿತ್ತು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128ರ ಪಟ್ಟಿ, ಇಪ್ಪತ್ತು ಪ್ರಶ್ನೆ, ಹನ್ನೆರಡು ಸರಿಯಿರಬೇಕು. ನನ್ನ ಅಣ್ಣ ಆ ಹಳೇ ನೂರನ್ನು ಅಡುಗೆಮನೆಯ ಫ್ರಿಡ್ಜಿಗೆ ಅಂಟಿಸಿಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಾ ಬಾಯಿಪಾಠ ಮಾಡಿದ. ನಿನ್ನ ತಾತ ಎಲ್ಲಿ ಮಣ್ಣಾದ ಎಂದು ಆ ಪಟ್ಟಿಯಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ.

ಪರೀಕ್ಷೆ ಪಾಸಾದವರಿಗೂ ಒಂದು ಬಾಗಿಲು ಮುಚ್ಚಿಯೇ ಇರುತ್ತದೆ. ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಎರಡು ಸಲ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ ಆದರು, ಅಧ್ಯಕ್ಷ ಸ್ಥಾನಕ್ಕೆ ಮಾತ್ರ ನಿಲ್ಲುವಂತಿಲ್ಲ, ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಬೆಳಗಾವಿಯಲ್ಲಿ ಬೆಳೆದು ಮಿಷಿಗನ್‌ನಿಂದ ಸಂಸತ್ತಿಗೆ ಆರಿಸಿಬಂದ ಶ್ರೀ ಥಾಣೇದಾರರಿಗೂ ಅದೇ ನಿಯಮ. ಕಮಲಾ ಹ್ಯಾರಿಸ್ ಹುಟ್ಟಿದ್ದು ಓಕ್‌ಲ್ಯಾಂಡಿನಲ್ಲಿ, 1964ರಲ್ಲಿ. ಅಪ್ಪ ಜಮೈಕಾದಿಂದ, ಅಮ್ಮ ಭಾರತದಿಂದ ಓದಲು ಬಂದವರು. 2020ರಲ್ಲೇ ಅವರ ಅರ್ಹತೆಯ ಬಗ್ಗೆ ಕೊಂಕು ತೆಗೆದವರಿದ್ದರು. 2025ರ ಆದೇಶ ಆಗ ಇದ್ದಿದ್ದರೆ, ವಿದ್ಯಾರ್ಥಿ ವೀಸಾದವರ ಮಗಳು ಮತಚೀಟಿಯ ಮೇಲೆ ಇರುವುದಿರಲಿ, ಮತ ಹಾಕುವುದಕ್ಕೇ ಅರ್ಜಿ ಹಿಡಿದು ನಿಲ್ಲಬೇಕಿತ್ತೇನೋ.

ಇಷ್ಟು ಹೇಳಿ ನಮ್ಮ ಕಡೆ ತಿರುಗಿ ನೋಡದಿದ್ದರೆ ಅಪ್ರಾಮಾಣಿಕತೆ. ಭಾರತವೂ ಮೊದಲು ಇಲ್ಲಿ ಹುಟ್ಟಿದವರಿಗೆಲ್ಲ ಪೌರತ್ವ ಕೊಡುತ್ತಿತ್ತು. 1987ರ ಜುಲೈ 1ರಿಂದ ತಂದೆತಾಯಿಯಲ್ಲಿ ಒಬ್ಬರಾದರೂ ಭಾರತೀಯರಿರಬೇಕು ಎಂದಾಯಿತು. 2004ರ ಡಿಸೆಂಬರ್‌ನಿಂದ ಇಬ್ಬರೂ ಭಾರತೀಯರಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಬ್ರಿಟನ್ 1983ರಲ್ಲಿ, ಆಸ್ಟ್ರೇಲಿಯಾ 1986ರಲ್ಲಿ, ಐರ್ಲೆಂಡ್ 2004ರ ಜನಮತಗಣನೆಯಿಂದ ಇದೇ ಹಾದಿ ಹಿಡಿದವು. ಮಣ್ಣಿನ ಪೌರತ್ವ ಈಗ ಗಟ್ಟಿಯಾಗಿ ಉಳಿದಿರುವುದು ಹೆಚ್ಚಾಗಿ ಎರಡು ಅಮೆರಿಕಾ ಖಂಡಗಳಲ್ಲೇ: ಕೆನಡಾ, ಮೆಕ್ಸಿಕೊ, ಬ್ರೆಜಿಲ್, ಅರ್ಜೆಂಟೀನಾ. ಹಾಗಾಗಿ ಇದು ಲೋಕವೆಲ್ಲ ಒಪ್ಪಿದ ನೀತಿ ಎಂದು ನಾವು ಅವರಿಗೆ ಪಾಠ ಹೇಳಲು ಬರುವುದಿಲ್ಲ. ಅವರ ಸಂವಿಧಾನದಲ್ಲಿ ಅದು ಗುಲಾಮಗಿರಿಯ ಪ್ರಾಯಶ್ಚಿತ್ತವಾಗಿ ಬಂದಿದೆ ಎಂಬುದೇ ಬೇರೆ ದೇಶಗಳಿಗೂ ಅಮೆರಿಕಕ್ಕೂ ಇರುವ ವ್ಯತ್ಯಾಸ. ಅದನ್ನು ಅಧ್ಯಕ್ಷರ ಒಂದು ಸಹಿಯಿಂದ ಅಳಿಸುವುದು, ಸಂಸತ್ತು ಕಾನೂನು ತಿದ್ದಿದ ಹಾಗಲ್ಲ.

ಈ ಆದೇಶ ನಿಂತರೆ ತೊಂದರೆ ವಲಸಿಗರಿಗಷ್ಟೇ ಎಂದುಕೊಂಡಿರುವ ಅಮೆರಿಕನ್ನರೂ ಇದ್ದಾರೆ. ಅವರು ತಮ್ಮದೇ ಜನನ ಪತ್ರ ತೆಗೆದು ನೋಡಬೇಕು. ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ತಂಗಿಗೆ ಹೆರಿಗೆಯಾದ ಮರುದಿನ ಒಬ್ಬರು ಫಾರಂ ಹಿಡಿದು ಮಂಚದ ಹತ್ತಿರ ಬಂದರಂತೆ. ತಾಯಿ ಹುಟ್ಟಿದ ಊರು, ತಂದೆ ಹುಟ್ಟಿದ ಊರು, ಮಗುವಿನ ಹೆಸರು. ಮೈಸೂರಿನ ಸ್ಪೆಲ್ಲಿಂಗ್ ಎರಡು ಸಲ ಕೇಳಿ ಬರೆದುಕೊಂಡರು. ವೀಸಾ ಯಾವುದು ಎಂದು ಆ ಫಾರಂ ಕೇಳಲಿಲ್ಲ. ಒಂದು ಚೌಕಕ್ಕೆ ಗುರುತು ಹಾಕಿದರೆ ಸೋಷಿಯಲ್ ಸೆಕ್ಯುರಿಟಿ ನಂಬರೂ ಅಂಚೆಯಲ್ಲಿ ಮನೆಗೇ ಬರುತ್ತದೆ. ಹುಟ್ಟಿದ ಜಾಗವಷ್ಟೇ ಸಾಲದು ಎಂದಾದ ದಿನ ಆ ಕಾಗದ ಯಾರಿಗೂ ಸಾಕಾಗುವುದಿಲ್ಲ. ಏಳು ತಲೆಮಾರು ಕೆಂಟಕಿಯಲ್ಲಿದ್ದವನೂ ಮಗು ಹುಟ್ಟಿದಾಗ ತನ್ನ ಪೌರತ್ವಕ್ಕೆ ದಾಖಲೆ ತೋರಿಸಬೇಕು. ತನ್ನ ಜನನ ಪತ್ರ ತೋರಿಸಿದರೆ, ನಿನ್ನ ಅಪ್ಪ ಅಮ್ಮ ಯಾರು ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಕಾಗದ ಇದ್ದವರ ಪಾಡಾದರೂ ಏನು? ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೂರೇ ವರ್ಷಕ್ಕೆ, 1901ರಲ್ಲಿ, ವಾಂಗ್ ಕಿಮ್ ಆರ್ಕ್ ಟೆಕ್ಸಸ್ಸಿನ ಎಲ್ ಪಾಸೊದಲ್ಲಿ ಬಂಧನಕ್ಕೊಳಗಾದ. ಅಕ್ರಮವಾಗಿ ದೇಶದೊಳಗಿರುವ ಚೀನೀಯ ಎಂದು ಆರೋಪ. ತನ್ನದೇ ಹೆಸರಿನ ತೀರ್ಪು ಕಾನೂನು ಪುಸ್ತಕದಲ್ಲಿತ್ತು. ಆದರೂ ಜಾಮೀನು ಕಟ್ಟಿ, ತಿಂಗಳುಗಟ್ಟಲೆ ಅಲೆದು, ತಾನು ಅಮೆರಿಕನ್ ಎಂದು ಮತ್ತೆ ಸಾಬೀತು ಮಾಡಬೇಕಾಯಿತು.

ಆರು ತಿಂಗಳ ಬಾಣಂತನ ಮುಗಿಸಿ ಚಿಕ್ಕಮ್ಮ ವಾಪಸು ಬಂದಾಗ ನೋಡಲು ಹೋಗಿದ್ದೆ. ಮೊಮ್ಮಗಳ ಫೋಟೋ ತೋರಿಸಿ ಆದ ಮೇಲೆ ಬೀರು ತೆಗೆದರು. ಸೈಟಿನ ಪತ್ರ, ಚಿಕ್ಕಪ್ಪನ ಪೆನ್ಷನ್ ಆರ್ಡರ್, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡುಗಳ ಜೊತೆ ಒಂದು ಪ್ಲಾಸ್ಟಿಕ್ ಲಕೋಟೆ. ಒಳಗೆ ಮಗುವಿನ ಜನನ ಪತ್ರದ ಕಲರ್ ಜೆರಾಕ್ಸು, ಎರಡು ಪ್ರತಿ. ಒರಿಜಿನಲ್ ಅವಳ ಹತ್ತಿರವೇ ಇದೆಯಲ್ಲ, ಇಲ್ಲಿ ಯಾಕೆ ಎಂದು ಕೇಳಿದೆ.

‘ಇರಲಿ ಕಣೋ’ ಎಂದರು, ಬೀರುವಿಗೆ ಬೀಗ ಹಾಕುತ್ತಾ. ‘ಅಲ್ಲಿಯವರು ಯಾವಾಗ ಏನು ಕೇಳ್ತಾರೋ ಯಾರಿಗೆ ಗೊತ್ತು.’